ಕೀಮೋ ಮಾತ್ರೆ ತಗೊಳ್ಳುವಾಗ ಭೇದಿ ನಿಲ್ತಾ ಇಲ್ಲ, ಮನೆಮದ್ದು ಏನಾದ್ರೂ ಇದೆಯಾ?

ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಆಪರೇಷನ್ ಆಗಿ ಕೀಮೋ ನಡೆಯುತ್ತಿದೆ, ಐದು ದಿನದಿಂದ ಭೇದಿ ನಿಂತಿಲ್ಲ, ಡಾಕ್ಟರಿಗೆ ಹೇಳಿದರೆ ಮಾತ್ರೆ ನಿಲ್ಲಿಸಿಬಿಡುತ್ತಾರೆ ಅಂತ ಅಮ್ಮನಿಗೆ ಭಯ, ಅದಕ್ಕೇ ಮನೆಮದ್ದು ಹೇಳಿ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ಎದೆ ಧಸಕ್ ಅಂತು. ನಾಲ್ಕು ವರ್ಷದ ಹಿಂದೆ ಆ ಅಮ್ಮ ನಾನೇ.

ಮನೆಮದ್ದಿನ ಮಾತು ಆಮೇಲೆ. ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ಇವತ್ತೇ.

ನಮ್ಮದು ತುಮಕೂರು. ಚಿಕಿತ್ಸೆ ಬೆಂಗಳೂರಿನಲ್ಲಿ. ಮೂರು ವಾರಕ್ಕೊಮ್ಮೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುವುದು, ಮನೆಯಲ್ಲಿ ಕೆಪೆಸಿಟಾಬಿನ್ ಮಾತ್ರೆ ನುಂಗುವುದು. ತಿಂಡಿ ಆದ ಅರ್ಧ ಗಂಟೆಯೊಳಗೆ ಮೂರು, ರಾತ್ರಿ ಊಟ ಆದಮೇಲೆ ಮೂರು. 14 ದಿನ ಮಾತ್ರೆ, 7 ದಿನ ಬಿಡುವು. ಮೊದಲ ಸುತ್ತು ಸಲೀಸಾಗಿ ಕಳೆಯಿತು. ಎರಡನೇ ಸುತ್ತಿನ ಎಂಟನೇ ದಿನ ಭೇದಿ ಶುರುವಾಯಿತು.

ಮಾರನೇ ದಿನ ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿದರು. "ಮೋಷನ್ ಹೇಗಿದೆ ಅಮ್ಮಾ?"

"ಸ್ವಲ್ಪ ಲೂಸ್ ಇದೆ ಸಿಸ್ಟರ್."

ಆ "ಸ್ವಲ್ಪ" ಇದೆಯಲ್ಲ, ಅದೇ ನಾನು ಮಾಡಿದ ತಪ್ಪು. ಆಗಲೇ ದಿನಕ್ಕೆ ಏಳೆಂಟು ಸಲ ಹೋಗುತ್ತಿದ್ದೆ. ರಾತ್ರಿ ಎರಡು ಸಲ ಏಳುತ್ತಿದ್ದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಪಕ್ಕದಲ್ಲಿ ಅತ್ತೆ ಕೂತಿದ್ದರು, ಎದುರಿಗೆ ಮೈದುನ ಟಿವಿ ನೋಡುತ್ತಿದ್ದ. ಅವರ ಮುಂದೆ "ಎಂಟು ಸಲ" ಅಂತ ಹೇಗೆ ಹೇಳುವುದು? ನಾವು ಎಲ್ಲದಕ್ಕೂ ಸ್ವಲ್ಪ ಅನ್ನೋ ಜನ ಅಲ್ವಾ. ಸ್ವಲ್ಪ ಜ್ವರ, ಸ್ವಲ್ಪ ನೋವು, ಸ್ವಲ್ಪ ಅಡ್ಜಸ್ಟ್ ಮಾಡಿ. ಆದರೆ ಸಿಸ್ಟರ್ ಅದನ್ನು ನಿಜವಾಗಿಯೂ ಸ್ವಲ್ಪ ಅಂತಲೇ ಬರೆದುಕೊಂಡರು. ಇನ್ನೇನು ಮಾಡುತ್ತಾರೆ? ಅವರಿಗೆ ಬೇಕಿದ್ದದ್ದು ಲೆಕ್ಕ. ಎಷ್ಟು ಸಲ, ಮೊದಲಿಗಿಂತ ಎಷ್ಟು ಜಾಸ್ತಿ, ರಾತ್ರಿ ಏಳಬೇಕಾಯಿತಾ. ಈ ಮಾತ್ರೆ ತೆಗೆದುಕೊಳ್ಳುವವರಿಗೆ ದಿನದ ವಾಡಿಕೆಗಿಂತ ನಾಲ್ಕು ಸಲ ಜಾಸ್ತಿ ಆದರೆ, ಅಥವಾ ರಾತ್ರಿ ಹೊತ್ತು ಭೇದಿ ಆದರೆ, ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಈ ಮಾತು ನನ್ನ ಫೈಲಿನಲ್ಲಿದ್ದ ಹಾಳೆಯಲ್ಲೇ ಇತ್ತು. ಆ ಫೈಲನ್ನು ದೇವರ ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದೆ. ಓದಿರಲಿಲ್ಲ.

ಇಷ್ಟಾದರೂ ಮಾತ್ರೆ ಮಾತ್ರ ಬಿಡಲಿಲ್ಲ. "ಕೋರ್ಸ್ ತಪ್ಪಿಸಬಾರದು" ಅನ್ನುವುದು ತಲೆಯಲ್ಲಿ ಕೂತಿತ್ತು. ಬಾತ್‌ರೂಮಿನಿಂದ ಗೋಡೆ ಹಿಡಿದುಕೊಂಡು ಬಂದು, ಎರಡು ತುತ್ತು ಅನ್ನ ನುಂಗಿ, ಮೇಲೆ ಮೂರು ಮಾತ್ರೆ ನುಂಗುತ್ತಿದ್ದೆ. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಕರುಳಿನ ಒಳಗಿನ ಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತಾ ಇರುತ್ತದಂತೆ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುವುದು ಕೀಮೋ ಕೆಲಸ, ಹಾಗಾಗಿ ಆ ಪದರಕ್ಕೂ ಏಟು ಬೀಳುತ್ತದೆ. ಅದು ಕಿತ್ತುಹೋಗಿದ್ದಾಗ ಕುಡಿದ ನೀರು ಒಳಗೆ ನಿಲ್ಲುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಅದು ಚಿಗುರಿಕೊಳ್ಳುತ್ತದೆ. ನಾನು ಚಿಗುರಲು ಬಿಡದೆ ದಿನಕ್ಕೆರಡು ಸಲ ಸವರುತ್ತಿದ್ದೆ.

ಹದಿಮೂರನೇ ದಿನ ಬೆಳಗಿನ ಜಾವ ಮೀನಖಂಡ ಹಿಡಿದುಕೊಂಡು ಬಾತ್‌ರೂಮಿನಲ್ಲೇ ಬಿದ್ದೆ. ಊರಿನ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋದರು. ಅಲ್ಲಿನ ಹುಡುಗ ಡಾಕ್ಟರ್ ಎಷ್ಟು ಸಲ ಅಂತ ಕೇಳಿದರು. "ನಾಲ್ಕೈದು ಸಲ ಇರಬಹುದು" ಅಂದೆ. ಆಗಲೂ! ಹಿಂದೆ ನಿಂತಿದ್ದ ಮಗಳು, "ಅಲ್ಲ ಡಾಕ್ಟರ್, ನಿನ್ನೆ ಹನ್ನೊಂದು ಸಲ. ನಾನು ಫ್ಲಶ್ ಸದ್ದು ಎಣಿಸ್ತಿದ್ದೆ" ಅಂದಳು. ಪಿಯುಸಿ ಓದುವ ಹುಡುಗಿ. ಪುಸ್ತಕ ತೆರೆದುಕೊಂಡು ರಾತ್ರಿಯೆಲ್ಲ ಅದನ್ನೇ ಎಣಿಸಿದ್ದಾಳೆ.

ರಕ್ತದಲ್ಲಿ ಪೊಟ್ಯಾಸಿಯಂ 2.6ಕ್ಕೆ ಇಳಿದಿತ್ತು. 3.5ರ ಮೇಲಿರಬೇಕು. ಐದು ದಿನ ಬಾಟಲಿ ಹಾಕಿದರು. ಮುಂದಿನ ಸುತ್ತು ಎರಡು ವಾರ ಮುಂದಕ್ಕೆ ಹೋಯಿತು, ಮಾತ್ರೆಯ ಪ್ರಮಾಣವೂ ಇಳಿಯಿತು. ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದೇ ಆಯಿತು. ಮೊದಲೇ ಹೇಳಿದ್ದರೆ ಎರಡು ಮೂರು ದಿನ ಮಾತ್ರೆ ನಿಲ್ಲಿಸಿ ಮುಗಿಸುತ್ತಿದ್ದೆವು ಅಂದರು ಡಾಕ್ಟರ್. ಇದನ್ನು ನಿಮ್ಮ ಅಮ್ಮನಿಗೆ ಹೇಳಿ.

ಈಗ ಮನೆಮದ್ದು. ನನ್ನ ಅತ್ತಿಗೆ ಮೆಂತ್ಯ ಮಜ್ಜಿಗೆ ಕೊಟ್ಟರು, ಯಾರೋ ದಾಳಿಂಬೆ ಸಿಪ್ಪೆ ಕಷಾಯ ಹೇಳಿದರು, ಅತ್ತೆ ಜಾಯಿಕಾಯಿ ತೇದರು. ಮದುವೆ ಊಟ ತಿಂದು ಹೊಟ್ಟೆ ಕೆಟ್ಟಾಗ ನಾನೂ ಅದನ್ನೇ ಮಾಡುತ್ತೇನೆ. ಆದರೆ ಇದು ತಿಂದದ್ದು ಕೆಟ್ಟು ಬಂದ ಭೇದಿ ಅಲ್ಲ, ಔಷಧಿಯಿಂದ ಬಂದದ್ದು. ಕಷಾಯದಿಂದ ಇದನ್ನು ಕಟ್ಟಲು ಹೊರಡುವುದು ನನ್ನ ಪ್ರಕಾರ ದಿನ ಹಾಳು ಮಾಡಿಕೊಳ್ಳುವುದು, ಅಷ್ಟೇ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ನನ್ನ ಚೀಲದಲ್ಲೇ ಇತ್ತು, ಹೇಗೆ ತೆಗೆದುಕೊಳ್ಳಬೇಕು ಅಂತ ಚೀಟಿಯಲ್ಲೂ ಬರೆದಿತ್ತು. ಒಂದು ನುಂಗಿ, ಮಲಬದ್ಧತೆ ಆದೀತು ಅಂತ ಬಿಟ್ಟಿದ್ದೆ. ನಿಮ್ಮ ಅಮ್ಮನಿಗೂ ಬರೆದುಕೊಟ್ಟಿರಬಹುದು, ನೋಡಿ. ಆದರೆ ಜ್ವರ ಅಥವಾ ರಕ್ತ ಇದ್ದರೆ ಕೇಳದೆ ಅದನ್ನೂ ಕೊಡಬೇಡಿ. ಕೀಮೋದಲ್ಲಿರುವವರಿಗೆ ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅಂತ ಕಾಯುವ ಹಾಗೇ ಇಲ್ಲ, ಸೀದಾ ಎಮರ್ಜೆನ್ಸಿಗೆ.

ಮನೆಯಲ್ಲಿ ಮಾಡಬೇಕಾದ ಕೆಲಸ ಅಂದರೆ ಹೋದ ನೀರು, ಉಪ್ಪು ತುಂಬುವುದು. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಿ, ಲೋಟಕ್ಕೆ ಸುರಿಯಬೇಡಿ. ನನಗೆ ಯಜಮಾನರು ಮೊದಲು ತಂದದ್ದು ಓಆರ್‌ಎಸ್ ಅಂತ ಹೆಸರಿದ್ದ ಸಿಹಿ ಜ್ಯೂಸ್ ಡಬ್ಬಿ. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ) ಇಂಥ ಪಾನೀಯಗಳಿಗೆ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿದೆ, ಆದರೂ ಹಿಂದೆ ಬರೆದದ್ದನ್ನು ಓದಿ ತನ್ನಿ. ಎಳನೀರು ಕೊಡಿ, ಅದರಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ. ಸೋಡಿಯಂ ಸಾಲದು, ಹಾಗಾಗಿ ಓಆರ್‌ಎಸ್ ಬದಲಿಗೆ ಅಲ್ಲ. ಉಪ್ಪು ಹಾಕಿದ ಅಕ್ಕಿ ಗಂಜಿ, ಮೆತ್ತಗಿನ ಅನ್ನಕ್ಕೆ ತೆಳು ಮಜ್ಜಿಗೆ, ಏಲಕ್ಕಿ ಬಾಳೆಹಣ್ಣು. ಹಾಲು ಕೆಲವು ದಿನ ಬೇಡ, ಕಿತ್ತುಹೋದ ಕರುಳಿಗೆ ಅದು ಅರಗುವುದಿಲ್ಲ. ರಾಗಿ ಮುದ್ದೆ, ಸೊಪ್ಪು, ಕಾಳಿನ ಸಾರು ಕೂಡ ಸದ್ಯಕ್ಕೆ ಬೇಡ. ಶಕ್ತಿ ಬರಲಿ ಅಂತ ನನಗೆ ಮುದ್ದೆಯನ್ನೇ ತಿನ್ನಿಸಿದ್ದರು, ಪಾಪ.

ಇನ್ನೊಂದು, ಯಾರೂ ಕೇಳದ ವಿಷಯ. ಕೂರುವ ಜಾಗ ಸುಲಿದುಹೋಗುತ್ತದೆ. ಒರೆಸುವುದು ಬೇಡ, ಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತಗಿನ ಬಟ್ಟೆ ಒತ್ತಿ, ವ್ಯಾಸಲೀನ್ ಹಚ್ಚಲಿ. ಬಸ್ಸಿನಲ್ಲಿ ಹೋಗುವ ದಿನ ನೀರು ಕುಡಿಯದೆ ಹೊರಡುವ ಬದಲು ದೊಡ್ಡವರ ಡೈಪರ್ ಹಾಕಿಕೊಳ್ಳಲಿ. ನಾನು ಹಾಕಿಕೊಂಡೆ.

ಮೂರನೇ ಸುತ್ತಿನಿಂದ ಅತ್ತೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಕೆಂಪು ಪೆನ್ನಿನಲ್ಲಿ ಚುಕ್ಕಿ ಇಡಲು ಶುರುಮಾಡಿದೆ. ತಿಂಗಳ ಕೊನೆಗೆ ಹಾಲಿನವನು ಅದನ್ನು ನೋಡಿ, "ಏನಕ್ಕಾ, ಈ ತಿಂಗಳು ಇಷ್ಟೊಂದು ಪ್ಯಾಕೆಟ್ಟಾ?" ಅಂದ. ಅತ್ತೆಗೆ ನಗು ತಡೆಯಲಾಗಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಸಂಖ್ಯೆ ಹೇಳಲು ಯಾರಿಗೂ ನಾಚಿಕೆ ಇಲ್ಲ.

ಫೋನ್ ಮಾಡುವ ಮೊದಲು ಅಮ್ಮನನ್ನು ಕೇಳಿ. ನಾಲ್ಕೈದು ಅಂದರೆ ನಂಬಬೇಡಿ, ಫ್ಲಶ್ ಎಣಿಸಿ.