ಓದುಗರ ಪ್ರಶ್ನೆ: ಕಿಡ್ನಿ ಗುಳ್ಳೆ ಕಾಯಿಲೆ – ಮೊದಲು ಯಾವುದಕ್ಕೆ ಗಮನ?

ಪ್ರಶ್ನೆ: ನನಗೆ 38 ವರ್ಷ. ತಂದೆಗಿದ್ದ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ (ಕಿಡ್ನಿಯಲ್ಲಿ ನೀರುಗುಳ್ಳೆಗಳು ಬೆಳೆಯುವುದು) ನನಗೂ ಇದೆ. ಪ್ರತಿ ಸಲ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆಯೆಂದು ತೋರಿಸುವ ರಕ್ತಪರೀಕ್ಷೆ) ನೋಡಿ ‘ಸದ್ಯಕ್ಕೆ ತೊಂದರೆಯಿಲ್ಲ’ ಎಂದು ಕಳಿಸುತ್ತಾರೆ. ಪಕ್ಕೆನೋವಿಗೆ ನಿದ್ದೆಯೇ ಇಲ್ಲ. ಚಿಕಿತ್ಸೆಯಲ್ಲಿ ನಮಗೇನು ಮುಖ್ಯ ಎಂಬುದನ್ನು ಕೆಲವು ಕುಟುಂಬಗಳು ಸೇರಿ ಆಸ್ಪತ್ರೆಗೆ ತಿಳಿಸಬೇಕೆಂದಿದ್ದೇವೆ. ಹೇಗೆ?
– ಓದುಗರು, ಹಾಸನ

ಉತ್ತರ: ಮೊದಲು ನೋವಿನ ಮಾತು. ಕ್ರಿಯಾಟಿನಿನ್ ಸರಿಯಿದ್ದರೂ ನೋವು ಬರುತ್ತದೆ. ಕಿಡ್ನಿ ಹಿಗ್ಗಿ ಅದರ ಹೊದಿಕೆ ಬಿಗಿದಾಗ, ಗುಳ್ಳೆಯೊಳಗೆ ರಕ್ತ ಸೋರಿದಾಗ, ಸೋಂಕು ತಗುಲಿದಾಗ, ಕಲ್ಲಾದಾಗ. ಜ್ವರ ಬಂದರೆ, ಮೂತ್ರ ಕೆಂಪಾದರೆ ಮುಂದಿನ ತಾರೀಖಿಗೆ ಕಾಯದೆ ಕೂಡಲೇ ಹೋಗಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ನೀವೇ ತಂದು ನುಂಗಬೇಡಿ, ಅವು ಕಿಡ್ನಿಗೆ ಹಾನಿ ಮಾಡುತ್ತವೆ.

ನಿಮ್ಮ ಬೇಡಿಕೆಗೆ ಗಟ್ಟಿ ಆಧಾರವಿದೆ. ಈ ಕಾಯಿಲೆಯ ಔಷಧ ಪ್ರಯೋಗಗಳಲ್ಲಿ ಏನನ್ನು ಅಳೆಯಲೇಬೇಕು ಎಂಬುದನ್ನು ‘ಸಾಂಗ್-ಪಿಕೆಡಿ’ ಎಂಬ ಅಂತರರಾಷ್ಟ್ರೀಯ ಯೋಜನೆ ರೋಗಿಗಳು, ಮನೆಯವರು, ವೈದ್ಯರು ಎಲ್ಲರನ್ನೂ ಕೇಳಿ ಗೊತ್ತುಮಾಡಿತು. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ನಾಲ್ಕು: ಕಿಡ್ನಿಯ ಕೆಲಸ, ಸಾವು, ಹೃದಯ-ರಕ್ತನಾಳದ ಕಾಯಿಲೆ, ನೋವು. ನೋವನ್ನು ಯಾವ ರಕ್ತಪರೀಕ್ಷೆಯೂ ತೋರಿಸದು, ಅನುಭವಿಸುವವರೇ ಹೇಳಬೇಕು.

ಅಲ್ಲಿ ಬಳಸಿದ ಕ್ರಮದ ಸರಳ ರೂಪ ನಿಮಗೂ ಸಾಕು. ಒಂದು ಗುಂಪಿಗೆ ಆರರಿಂದ ಹತ್ತು ಜನ, ಎರಡು ಗಂಟೆ. ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ತಮಗೆ ಮುಖ್ಯವಾದದ್ದನ್ನು ಚೀಟಿಯಲ್ಲಿ ಬರೆಯಲಿ. ಬರೆಯಲು ಬಾರದವರು ಹೇಳಿದ್ದನ್ನು, ಮನೆಯವರಲ್ಲದ ಒಬ್ಬರು ಬರೆದುಕೊಳ್ಳಲಿ. ಆಮೇಲೆ ಸರದಿಯಂತೆ ಒಬ್ಬೊಬ್ಬರು ಒಂದೊಂದೇ ಅಂಶ ಹೇಳಬೇಕು, ಒಂದೇ ಅರ್ಥದವನ್ನು ಕೂಡಿಸಬೇಕು. ಕೊನೆಗೆ ಪ್ರತಿಯೊಬ್ಬರೂ ಗುಟ್ಟಾಗಿ ತಮ್ಮ ಐದನ್ನು ಆರಿಸಿ, ಮೊದಲನೆಯದಕ್ಕೆ 5, ಕೊನೆಯದಕ್ಕೆ 1 ಅಂಕ ಕೊಡಲಿ.

ಕೆಡುವುದು ಎಲ್ಲಿ ಗೊತ್ತೇ? ಚಿಕಿತ್ಸೆ ಕೊಡುವ ಡಾಕ್ಟರೇ ಎದುರು ಕೂತರೆ ಜನ ‘ಎಲ್ಲಾ ಚೆನ್ನಾಗಿದೆ ಸಾರ್’ ಎಂದುಬಿಡುತ್ತಾರೆ. ಡಯಾಲಿಸಿಸ್‌ನಲ್ಲಿರುವವರನ್ನೂ ಈಗಷ್ಟೇ ಗೊತ್ತಾದವರನ್ನೂ ಒಂದೇ ಗುಂಪಿಗೆ ಹಾಕಿದರೆ ಹೊಸಬರ ಚಿಂತೆ ಮುಚ್ಚಿಹೋಗುತ್ತದೆ. ಹೆಂಗಸರಿಗೆ ಬೇರೆ ಗುಂಪು ಮಾಡಿ. ಮಗಳ ಮದುವೆ, ಬಸಿರು, ಕಿಡ್ನಿ ಕೊಡುವಂತೆ ಮನೆಯಲ್ಲಿ ಬರುವ ಒತ್ತಡ, ಇವು ಗಂಡಸರ ಮುಂದೆ ಬಾಯಿಗೆ ಬರುವುದಿಲ್ಲ. ದಿನಗೂಲಿಯವರಿಗೆ ಬಸ್ ಚಾರ್ಜು, ಕೂಲಿ ಕೊಡದಿದ್ದರೆ ಅವರ ಆದ್ಯತೆಗಳು ಪಟ್ಟಿಗೇ ಬಾರವು. ಹೆಸರು ಬರೆಯಬೇಡಿ. ಆಸ್ಪತ್ರೆಗೆ ಕೊಡುವಾಗ ಬರೀ ‘ನೋವಿಗೆ ಗಮನ ಕೊಡಿ’ ಎನ್ನದೆ, ‘ಪ್ರತಿ ಭೇಟಿಯಲ್ಲಿ ನೋವಿಗೆ 0ರಿಂದ 10ರೊಳಗೆ ಅಂಕ ಕೇಳಿ ಚೀಟಿಯಲ್ಲಿ ಬರೆಯಿರಿ’ ಎಂದು, ಮಾಡಬಹುದಾದ ಕೆಲಸವಾಗಿ ಕೇಳಿ. ಆರು ತಿಂಗಳಿಗೆ ಏನಾಯಿತೆಂದು ಆಸ್ಪತ್ರೆಯವರು ನಿಮಗೆ ತಿಳಿಸುವ ಒಪ್ಪಂದವನ್ನೂ ಆಗಲೇ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಮನೆಯಲ್ಲೂ ಇದೇ ಕಾಯಿಲೆ ಇದೆ. ಮಗನಿಗೆ 12 ವರ್ಷ. ಈಗಲೇ ಸ್ಕ್ಯಾನ್ ಮಾಡಿಸಬೇಕೇ?
– ಓದುಗರು, ಶಿರಸಿ

ಉತ್ತರ: ತಂದೆ-ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ 50. ಸ್ಕ್ಯಾನ್ ಕಡ್ಡಾಯವಲ್ಲ. ಈ ವಯಸ್ಸಿನಲ್ಲಿ ಗುಳ್ಳೆ ಕಾಣದಿದ್ದರೂ ಕಾಯಿಲೆ ಇಲ್ಲವೆಂದು ಹೇಳಲಾಗದು. ಮಗನನ್ನೂ ಕೂರಿಸಿಕೊಂಡು ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಿ. ಆದರೆ ವರ್ಷಕ್ಕೊಮ್ಮೆ ತೋಳಿಗೆ ಮಕ್ಕಳ ಅಳತೆಯ ಪಟ್ಟಿ ಕಟ್ಟಿ ಬಿಪಿ ನೋಡಿಸುವುದನ್ನು ತಪ್ಪಿಸಬೇಡಿ.