ಪುಟ್ಟ ದ್ವೀಪದಲ್ಲಿ ಹಲ್ಲಿ ಎಣಿಕೆ: ಗುಂಡಿ-ಬಲೆಗಿಂತ ಮೊದಲು ನೋಡಬೇಕಾದ್ದು

ನಾಲ್ಕು ಜನ, ಐದು ದಿನ, ಕಡಲಹಕ್ಕಿಗಳ ಬಿಲಗಳಿರುವ ಒಂದು ಪುಟ್ಟ ದ್ವೀಪ. ಅಲ್ಲಿನ ಹಲ್ಲಿ, ಹಾವುರಾಣಿಗಳನ್ನು ಎಣಿಸಲು ಗುಂಡಿ-ಬಲೆ (ಪ್ರಾಣಿ ಬೀಳಲೆಂದು ನೆಲದಲ್ಲಿ ಹೂತಿಡುವ ಬಕೆಟ್ಟು) ಹಾಕೋಣವೇ ಎಂದು ಕೇಳಿದ್ದೀರಿ. ಅನುಮತಿ ಪತ್ರ ಕೈಯಲ್ಲಿದೆ ಎಂದೂ ಬರೆದಿದ್ದೀರಿ. ನನ್ನ ಉತ್ತರ: ಐದು ದಿನದ ಕೆಲಸಕ್ಕೆ ಗುಂಡಿ-ಬಲೆ ಬೇಡ. ಬಿಲಗಳಿರುವ ನೆಲವನ್ನು ಅಗೆಯುವುದೇ ಮೊದಲ ತಪ್ಪು. ಬಕೆಟ್ಟಿನಲ್ಲಿ ಬಿದ್ದ ಪ್ರಾಣಿ ಎರಡು ಗಂಟೆಯ ಬಿಸಿಲಿಗೇ ಸತ್ತೀತು, ಇಲ್ಲವೇ ಇರುವೆ ಮುತ್ತೀತು. ನಡೆದು ಎಣಿಸುವುದೇ ಸಾಕು, ಅದನ್ನು ಸರಿಯಾಗಿ ಮಾಡಿದರೆ.

ಆದರೆ ಎಣಿಕೆಗಿಂತ ಮೊದಲು ಸಾಮಾನು. ದ್ವೀಪದ ಹಲ್ಲಿಗಳಿಗೆ ನೀವು ಮಾಡಬಹುದಾದ ಅತಿ ದೊಡ್ಡ ಅನ್ಯಾಯ ಎಂದರೆ ಒಂದು ಬಸುರಿ ಇಲಿಯನ್ನು ಚೀಲದಲ್ಲಿ ಹೊತ್ತೊಯ್ಯುವುದು. ಮಾರಿಷಸ್‌ನ ಉತ್ತರಕ್ಕಿರುವ ರೌಂಡ್ ಐಲ್ಯಾಂಡನ್ನೇ ನೋಡಿ. ಮೇಕೆಗಳು 1979ರವರೆಗೆ, ಮೊಲಗಳು 1986ರವರೆಗೆ ಅಲ್ಲಿನ ಗಿಡಮರ ಮೇದು ನೆಲವನ್ನೇ ಬೋಳು ಮಾಡಿದವು. ಆದರೂ ಟೆಲ್ಫೇರ್ ಹಾವುರಾಣಿ, ಗುಂಥರ್ ಹಲ್ಲಿ ಅಲ್ಲಿ ಉಳಿದವು, ಏಕೆಂದರೆ ಇಲಿ ಆ ದ್ವೀಪ ಮುಟ್ಟಲಿಲ್ಲ. ಮಾರಿಷಸ್ ಮುಖ್ಯದ್ವೀಪಕ್ಕೆ ಇಲಿಯ ಜೊತೆ ಸೊಂಡಿಲಿ, ತೋಳಹಾವು, ನಮಗೆಲ್ಲ ಪರಿಚಿತ ಓತಿಕ್ಯಾತ ಎಲ್ಲವೂ ಹೊರಗಿನಿಂದ ಬಂದವು. ಅಲ್ಲಿ ಟೆಲ್ಫೇರ್ ಹಾವುರಾಣಿ ಉಳಿಯಲಿಲ್ಲ.

ಆದ್ದರಿಂದ ಬಟ್ಟೆ ಚೀಲ, ರಟ್ಟಿನ ಪೆಟ್ಟಿಗೆ ಯಾವುದೂ ಬೇಡ. ಎಲ್ಲವೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿರಲಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದೊಂದೇ ವಸ್ತುವನ್ನು ಕೊಡವಿ ತುಂಬಿ. ಬೂಟಿನ ಅಡಿ, ವೆಲ್ಕ್ರೋ ಪಟ್ಟಿ, ಗುಡಾರದ ಮಡಿಕೆ, ಈ ಮೂರು ಕಡೆ ಬೀಜವೂ ಇರುವೆಯೂ ಸಿಕ್ಕಿಕೊಂಡಿರುತ್ತವೆ, ಗಟ್ಟಿ ಬ್ರಷ್‌ನಿಂದ ಉಜ್ಜಿ. ತುಂಬಿದ ಸಾಮಾನನ್ನು ರಾತ್ರಿ ಜೆಟ್ಟಿಯಲ್ಲಿ ಇಡಬೇಡಿ, ಇಲಿ ನುಗ್ಗುವುದು ಆಗಲೇ. ದ್ವೀಪದಲ್ಲಿ ಮೊದಲ ಬಾರಿ ಮುಚ್ಚಳ ತೆರೆಯುವುದೂ ಜಿಪ್ ಹಾಕಿದ ಗುಡಾರದ ಒಳಗೇ ಆಗಲಿ. ಒಂದು ಇಲಿ ತಪ್ಪಿಸಿಕೊಂಡರೆ ಹಿಡಿಯುವುದು ಎಷ್ಟು ಕಷ್ಟ ಗೊತ್ತೇ? 2004ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಇಲಿಗಳಿಲ್ಲದ ದ್ವೀಪದಲ್ಲಿ ರೇಡಿಯೊ ಪಟ್ಟಿ ಕಟ್ಟಿದ ಒಂದೇ ಒಂದು ಗಂಡಿಲಿಯನ್ನು ಬೇಕೆಂದೇ ಬಿಟ್ಟರು. ಅದು 400 ಮೀಟರ್ ಸಮುದ್ರ ಈಜಿ ಪಕ್ಕದ ದ್ವೀಪ ಸೇರಿತು. ಸಿಕ್ಕಿದ್ದು 18 ವಾರಗಳ ನಂತರ.

ಇನ್ನು ನಡಿಗೆ. ಶಿಯರ್‌ವಾಟರ್, ಪೆಟ್ರೆಲ್ ಹಕ್ಕಿಗಳು ತೋಡಿದ ನೆಲ ಮೇಲೆ ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಕುಸಿಯುತ್ತದೆ. ಬಂಡೆ ಹಿಡಿದು ನಡೆಯಿರಿ, ಎಲ್ಲರೂ ಒಂದೇ ಜಾಡಿನಲ್ಲಿ. ಮೆತ್ತನೆ ನೆಲ ದಾಟಲೇಬೇಕಾದರೆ ಅಗಲದ ಪ್ಲೈವುಡ್ ಹಲಗೆ ಹಾಸಿ ಅದರ ಮೇಲೆ ಹೆಜ್ಜೆ ಇಡಿ. ಬಿಲ ಕುಸಿದರೆ ಮುಂದೆ ಹೋಗಬೇಡಿ. ಕೈಯಿಂದಲೇ ಮಣ್ಣು ತೆಗೆದು ದಾರಿ ಬಿಡಿಸಿ, ಒಳಗೆ ಮರಿಯೋ ಮೊಟ್ಟೆಯೋ ಇದೆಯೇ ನೋಡಿ, ನಿಮ್ಮ ಕಾಲು ಕುಸಿದ ತೂತಿನ ಮೇಲೆ ಚಪ್ಪಟೆ ಕಲ್ಲಿಟ್ಟು ಅದರ ಮೇಲೆ ಮಣ್ಣು ಎಳೆಯಿರಿ. ಹಾಗೇ ಬಿಟ್ಟರೆ ಒಳಗಿರುವ ಹಕ್ಕಿ ಉಸಿರುಗಟ್ಟಿ ಸಾಯುತ್ತದೆ. ಬಯಲಿನಲ್ಲಿ ಗೂಡು ಮಾಡುವ ಹಕ್ಕಿಗಳ ಹತ್ತಿರ ಮಧ್ಯಾಹ್ನ ನಿಲ್ಲಲೇಬೇಡಿ. ತಾಯಿ ಎದ್ದು ಹೋದರೆ ಮರಿ ಬಿಸಿಲಿಗೆ ಬೇಯುತ್ತದೆ, ಮೊಟ್ಟೆ ಗಲ್ ಹಕ್ಕಿಯ ಪಾಲಾಗುತ್ತದೆ. ರಾತ್ರಿ ಹಲ್ಲಿ ನೋಡುವವರು ಮಂದ ಬೆಳಕಿನ ಟಾರ್ಚ್ ಬಳಸಿ. ಕತ್ತಲ ರಾತ್ರಿಗಳಲ್ಲೇ ಪೆಟ್ರೆಲ್‌ಗಳು ಹೆಚ್ಚು ಇಳಿಯುತ್ತವೆ, ಪ್ರಖರ ಬೆಳಕಿಗೆ ದಿಕ್ಕು ತಪ್ಪಿ ಬಂಡೆಗೆ ಬಡಿಯುತ್ತವೆ.

ಹಕ್ಕಿಯ ಬಗ್ಗೆ ಇಷ್ಟೊಂದು ಬರೆಯಲು ಕಾರಣ, ಇಂಥ ದ್ವೀಪದಲ್ಲಿ ಹಲ್ಲಿಯ ಬದುಕು ನಿಂತಿರುವುದೇ ಹಕ್ಕಿಯ ಮೇಲೆ. ಹಿಕ್ಕೆಯಿಂದ ಗಿಡ, ನೊಣ, ಜೀರುಂಡೆ. ಬಿದ್ದ ಮೀನಿನ ಚೂರು, ಒಡೆದ ಮೊಟ್ಟೆ ನೇರ ಆಹಾರ. ಬಿಲ ಎಂದರೆ ತಂಪು ಮನೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ಟುವಟಾರ (ಹಲ್ಲಿಯಂತೆ ಕಂಡರೂ ಅದರ ವಂಶವೇ ಬೇರೆ) ಪ್ರಿಯಾನ್ ಎಂಬ ಕಡಲಹಕ್ಕಿಯ ಬಿಲದಲ್ಲೇ ವಾಸಿಸುತ್ತದೆ, ಸಮಯ ಸಿಕ್ಕರೆ ಅದರ ಮರಿಯನ್ನೂ ತಿನ್ನುತ್ತದೆ. ಹೂವಿನ ಮೇಲೂ ಕಣ್ಣಿರಲಿ. ಸ್ಪೇನಿನ ಮೆನೋರ್ಕಾ ಬಳಿಯ ಐರೆ ದ್ವೀಪದಲ್ಲಿ ಹೆಣದ ವಾಸನೆ ಬೀರುವ ಒಂದು ಕೆಸುವಿನ ಜಾತಿಯ ಗಿಡವಿದೆ. ಲಿಲ್ಫರ್ಡ್ ಹಲ್ಲಿಗಳು ಅದರ ಹೂಗೊಂಚಲ ಮೇಲೆ ಮೈ ಕಾಯಿಸಿಕೊಂಡು ಅಲ್ಲಿಗೆ ಬರುವ ನೊಣ ಹಿಡಿಯುತ್ತವೆ, ಆಮೇಲೆ ಹಣ್ಣು ತಿಂದು ಬೀಜವನ್ನೂ ಹರಡುತ್ತವೆ. ಆದ್ದರಿಂದ ನಮೂನೆ ಹಾಳೆಯಲ್ಲಿ ಹಲ್ಲಿಯ ಸಂಖ್ಯೆಯ ಪಕ್ಕ ಮೂರು ಅಂಕಣ ಬೇಕೇ ಬೇಕು: ಹತ್ತು ಮೀಟರ್ ಒಳಗೆ ಬಿಲ ಎಷ್ಟು, ಗಿಡದ ಹೊದಿಕೆ ಎಷ್ಟು, ಹೂ-ಹಣ್ಣು ಇದೆಯೇ.

ಈಗ ಎಣಿಕೆ. 50 ಮೀಟರ್ ಹಗ್ಗದ ಗೆರೆಗಳನ್ನು ಬಂಡೆ, ಹುಲ್ಲು, ಪೊದೆ, ದಡ ಹೀಗೆ ಬೇರೆ ಬೇರೆ ನೆಲೆಗಳಲ್ಲಿ ಹಾಕಿ, ಒಂದೊಂದು ನೆಲೆಗೆ ಕನಿಷ್ಠ ನಾಲ್ಕು. ಹಗ್ಗ ಹಾಕಿದ ಮೇಲೆ ಅರ್ಧ ಗಂಟೆ ಬಿಡಿ, ಬೆದರಿದವು ಹೊರಬರಲಿ. ನಿಮಿಷಕ್ಕೆ ಹತ್ತು ಮೀಟರ್ ವೇಗ. ಇಬ್ಬರು ಹೋಗಿ, ಒಬ್ಬರು ನೋಡಿ ಒಬ್ಬರು ಬರೆಯಿರಿ. ಕಂಡ ಹಲ್ಲಿ ಗೆರೆಯಿಂದ ಎಷ್ಟು ದೂರ ಎಂಬುದನ್ನು, ಅದು ಓಡುವ ಮೊದಲು ಇದ್ದ ಜಾಗದಿಂದ ಅಳೆಯಿರಿ. ಪ್ರತಿ ಗೆರೆಗೆ ಸಮಯ, ನೆಲದ ಉಷ್ಣತೆ, ಮೋಡ, ಗಾಳಿ ಬರೆಯಲೇಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ 20 ಕಂಡ ಗೆರೆಯಲ್ಲಿ ನಡುಹಗಲು ಮೂರೇ ಕಂಡರೆ ಹಲ್ಲಿ ಕಡಿಮೆಯಾಗಿಲ್ಲ, ಕಲ್ಲಿನಡಿ ಸೇರಿವೆ ಅಷ್ಟೆ. ಒಂದೇ ಗೆರೆಯನ್ನು ಬೇರೆ ಬೇರೆ ದಿನ, ಅದೇ ಹೊತ್ತಿನಲ್ಲಿ ನಡೆದರೆ ಮಾತ್ರ ಹೋಲಿಸಬಹುದು.

ಒಟ್ಟು ಸಂಖ್ಯೆ ಬೇಕೆಂದರೆ ಗುರುತು ಹಾಕಿ ಮತ್ತೆ ನೋಡುವ ಕ್ರಮ ಇದೆ. ಮೊದಲ ದಿನ 40 ಹಲ್ಲಿಗಳ ಪಕ್ಕೆಗೆ ವಿಷವಿಲ್ಲದ ಬಣ್ಣದ ಸಣ್ಣ ಚುಕ್ಕೆ ಇಟ್ಟಿರಿ ಎನ್ನಿ. ಮರುದಿನ ಅದೇ ಜಾಗದಲ್ಲಿ 35 ಕಂಡವು, ಅದರಲ್ಲಿ 10ಕ್ಕೆ ಚುಕ್ಕೆ ಇದೆ. ಮೂರೂ ಸಂಖ್ಯೆಗೆ ಒಂದೊಂದು ಕೂಡಿಸಿ, 41ನ್ನು 36ರಿಂದ ಗುಣಿಸಿ 11ರಿಂದ ಭಾಗಿಸಿ ಒಂದು ಕಳೆಯಿರಿ: ಸುಮಾರು 133. ಬೆನ್ನ ಮೇಲೆ ಕಣ್ಣು ಕುಕ್ಕುವ ಬಣ್ಣ ಬೇಡ, ಬೇಟೆ ಹಕ್ಕಿಗೆ ಕಾಣುತ್ತದೆ. ಪೊರೆ ಕಳಚಿದರೆ ಚುಕ್ಕೆಯೂ ಹೋಗುತ್ತದೆ, ಆದ್ದರಿಂದ ಎರಡು ಮೂರು ದಿನಕ್ಕಿಂತ ಆಚೆಗೆ ಈ ಲೆಕ್ಕ ನಂಬಬೇಡಿ. ಹಿಡಿಯಲು ಎರಡು ಮೀಟರ್ ಕೋಲಿನ ತುದಿಗೆ ಮೇಣದ ನೂಲಿನ ಸಣ್ಣ ಕುಣಿಕೆ ಸಾಕು. ಬಾಲ ಮಾತ್ರ ಮುಟ್ಟಬೇಡಿ. ಬಾಲದಲ್ಲಿ ಕೊಬ್ಬಿನ ದಾಸ್ತಾನಿರುತ್ತದೆ, ಅದನ್ನು ಕಳಚಿಕೊಂಡ ಹಲ್ಲಿಗೆ ಬರಗಾಲದ ತಿಂಗಳು ದಾಟುವುದು ಕಷ್ಟ. ತಿರುಗಿಸಿದ ಕಲ್ಲನ್ನು ಅದೇ ಮುಖವಾಗಿ ಇಡಿ. ಊಟದ ಚೂರು ಹಾಕಿ ಹತ್ತಿರ ಕರೆದರೆ ಎಣಿಕೆಯೂ ಕೆಟ್ಟಿತು, ಗಲ್ ಹಕ್ಕಿಗಳಿಗೂ ಸುದ್ದಿ ಮುಟ್ಟಿತು.

ಕೊನೆಯ ಕೆಲಸ ದ್ವೀಪದಲ್ಲಿ ಇಲಿ ಇದೆಯೇ ಎಂದು ನೋಡುವುದು, ಅದನ್ನು ಮೊದಲ ಸಂಜೆಯೇ ಶುರು ಮಾಡಿ. ಅಂಗೈಯಗಲದ, ಒಳಗೆ ಕೊಳವೆಗಳಿರುವ ಪ್ಲಾಸ್ಟಿಕ್ ಹಾಳೆಯ ತುಂಡುಗಳ ಅಂಚಿಗೆ ಕಡಲೆಕಾಯಿ ಬೆಣ್ಣೆ ತುಂಬಿ, ದೋಣಿ ತಾಗುವ ಜಾಗದಿಂದ ಶುರುಮಾಡಿ ದಡದುದ್ದಕ್ಕೂ 25 ಮೀಟರಿಗೊಂದರಂತೆ ನೆಲದ ಹತ್ತಿರ ಕಟ್ಟಿ, ದಿನಾ ಬೆಳಿಗ್ಗೆ ನೋಡಿ. ಏಡಿ ಚಿವುಟಿದರೆ ಅಂಚು ಅಡ್ಡಾದಿಡ್ಡಿ ಹರಿದಿರುತ್ತದೆ. ಇಲಿಯಾದರೆ ಉಳಿಯಿಂದ ಕೆತ್ತಿದ ಹಾಗೆ ಜೋಡಿ ಗೆರೆಗಳು ಸಾಲಾಗಿ ಇರುತ್ತವೆ. ಅಂಥ ಗುರುತು ಒಂದು ಕಂಡರೂ ಎಣಿಕೆ ಅಲ್ಲಿಗೇ ನಿಲ್ಲಿಸಿ. ತುಂಡನ್ನು ಕವರಿನಲ್ಲಿ ಹಾಕಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದು, ಜಾಗದ ಗುರುತಿನೊಂದಿಗೆ ಅನುಮತಿ ಕೊಟ್ಟ ಕಚೇರಿಗೆ ಅದೇ ದಿನ ತಿಳಿಸಿ.