ಸ್ಪೀಕಿಂಗ್‌ನಲ್ಲಿ 6.5ಕ್ಕೇ ನಿಂತ ತಂಗಿಗೆ

ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿಯಲ್ಲಿ ಆರು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೀರಿ. ಇಂಗ್ಲೆಂಡಿಗೆ ಬರಬೇಕು ಅಂತ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಎರಡು ಸಲ ತಗೊಂಡಿದ್ದೀರಿ. ರೀಡಿಂಗ್, ಲಿಸನಿಂಗ್, ರೈಟಿಂಗ್ ಮೂರರಲ್ಲೂ ಬೇಕಾದಷ್ಟು ಬಂದಿದೆ, ಸ್ಪೀಕಿಂಗ್ ಮಾತ್ರ ಎರಡು ಸಲವೂ 6.5. "ಅಕ್ಕಾ, ಸ್ವಂತ ಅನುಭವ ಹೇಳಿ ಅಂತಾರೆ. ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಿಲ್ಲ, ಎರಡು ನಿಮಿಷ ಏನು ಮಾತಾಡಲಿ? ಇಲ್ಲೇ ಹೀಗಾದರೆ ಅಲ್ಲಿಗೆ ಬಂದು ಹೇಗೆ ಬಾಳಲಿ?" ಅಂತ ಕೇಳಿದ್ದೀರಿ. ಎರಡು ಪ್ರಶ್ನೆಗೂ ನನ್ನ ಉತ್ತರ ಒಂದೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಹಾಸನದವಳು. 2019ರಲ್ಲಿ ಇಂಗ್ಲೆಂಡಿಗೆ ಬಂದೆ. ಈಗ ಡರ್ಬಿಯಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಕೆಲಸ. ಇಲ್ಲಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿ ಕೇಳುವುದು ಸ್ಪೀಕಿಂಗ್, ರೀಡಿಂಗ್, ಲಿಸನಿಂಗ್‌ನಲ್ಲಿ 7, ರೈಟಿಂಗ್‌ನಲ್ಲಿ 6.5. ನನಗೂ ಮೊದಲ ಸಲ ಸ್ಪೀಕಿಂಗ್ 6.5 ಬಂದಿತ್ತು. ಅರ್ಧ ಅಂಕಕ್ಕೆ ಮತ್ತೆ ಅಷ್ಟು ಫೀಸು ಕಟ್ಟುವಾಗ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ನನಗೆ ಗೊತ್ತು. ಒಂದು ಸಮಾಧಾನ ಇದೆ. 12 ತಿಂಗಳೊಳಗಿನ ಎರಡು ಪರೀಕ್ಷೆಗಳ ಅಂಕ ಸೇರಿಸಿ ತೋರಿಸಲು ಎನ್‌ಎಂಸಿ ಒಪ್ಪುತ್ತದೆ. ಹಾಗಾಗಿ ಮುಂದಿನ ಸಲ ಸ್ಪೀಕಿಂಗ್ ಸಿಕ್ಕಿ ಬೇರೊಂದು ಸ್ವಲ್ಪ ಜಾರಿದರೂ ದಾರಿ ಮುಚ್ಚುವುದಿಲ್ಲ. ಅದರ ಷರತ್ತುಗಳನ್ನು ಎನ್‌ಎಂಸಿಯವರ ತಾಣದಲ್ಲೇ ನೋಡಿಕೊಳ್ಳಿ, ಏಜೆಂಟರ ಬಾಯಲ್ಲಿ ಕೇಳಬೇಡಿ.

ಸ್ಪೀಕಿಂಗ್‌ನ ಎರಡನೇ ಭಾಗದಲ್ಲಿ ವಿಷಯ ಬರೆದ ಕಾರ್ಡು ಕೊಟ್ಟು ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ಮೊದಲ ಸಲ ನನಗೆ ಬಂದ ಕಾರ್ಡು "ನೀವು ಯಾರಿಗಾದರೂ ಸಹಾಯ ಮಾಡಿದ ಸಂದರ್ಭ". ಕೋಚಿಂಗ್‌ನಲ್ಲಿ ಅದಕ್ಕೆ ಉತ್ತರ ಬರೆಸಿದ್ದರು. ಕಣ್ಣು ಕಾಣದ ಅಜ್ಜನ ಕೈ ಹಿಡಿದು ರಸ್ತೆ ದಾಟಿಸಿದ ಕತೆ. ಒಂದು ತಪ್ಪಿಲ್ಲದೆ ಒಪ್ಪಿಸಿದೆ. ಗಡಿಯಾರ ನೋಡಿದರೆ ಐವತ್ತು ಸೆಕೆಂಡು ಕೂಡ ಆಗಿರಲಿಲ್ಲ. ಮುಂದೇನು? ಆ ಅಜ್ಜನ ಅಂಗಿಯ ಬಣ್ಣ ನನಗೆ ಗೊತ್ತಿಲ್ಲ, ಅವರು ಏನಂದರು ಅಂತ ಗೊತ್ತಿಲ್ಲ, ಯಾಕಂದರೆ ಅಂಥ ಅಜ್ಜನೇ ಇರಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದೆ, ನಡುವೆ ತಡವರಿಸಿದೆ. "ಐ ಫೆಲ್ಟ್ ವೆರಿ ಹ್ಯಾಪಿ" ಅಂತ ಮೂರು ಸಲ ಅಂದೆ.

ಪರೀಕ್ಷಕರು ನಾವು ಹೇಳಿದ್ದು ನಿಜವೋ ಸುಳ್ಳೋ ಅಂತ ತನಿಖೆ ಮಾಡುವುದಿಲ್ಲ. ಅದಕ್ಕೇ ಬಹಳ ಜನ ಕತೆ ಕಟ್ಟಿಕೊಂಡು ಹೋಗುತ್ತಾರೆ. ಆದರೆ ಕಟ್ಟಿದ ಕತೆಯಲ್ಲಿ ಸಾಮಾನು ಇರುವುದಿಲ್ಲ, ಬೇಗ ಮುಗಿದುಹೋಗುತ್ತದೆ. ಬಾಯಿಪಾಠದ ರಾಗ ಬೇರೆ ಕಿವಿಗೆ ಬೀಳುತ್ತದೆ. ದಿನವಿಡೀ ಅದನ್ನೇ ಕೇಳುವವರಿಗೆ ಮೊದಲ ಎರಡು ವಾಕ್ಯದಲ್ಲೇ ಗೊತ್ತಾಗುತ್ತದೆ.

ಎರಡನೇ ಸಲಕ್ಕೆ ಎರಡು ತಿಂಗಳು ಕಾದೆ. ಆಗ ಹಾಸನದಲ್ಲೇ ಮೂಳೆ ವಾರ್ಡಿನಲ್ಲಿ ಡ್ಯೂಟಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಒಬ್ಬ ಅಜ್ಜಿ ಇದ್ದರು. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿತ್ತು. ಎರಡು ಬೆಳಗ್ಗೆ ಸಕ್ಕರೆ ಕಡಿಮೆಯಾಗಿ ಬೆವೆತು ನಡುಗಿದರು. ತಿಂಡಿ ತಿಂದಿರಾ ಅಂದರೆ, "ತಿಂದೆ ಕಣವ್ವ" ಅನ್ನುತ್ತಿದ್ದರು. ಮೂರನೇ ದಿನ ಹಾಸಿಗೆ ಸರಿಮಾಡುವಾಗ ಮಂಚದ ಕಾಲಿನಿಂದ ದಿಂಬಿನವರೆಗೆ ಇರುವೆ ಸಾಲು. ದಿಂಬು ಎತ್ತಿದರೆ ಆಸ್ಪತ್ರೆಯಲ್ಲಿ ಕೊಡುವ ಬ್ರೆಡ್ಡು, ಆರು ತುಂಡು, ಸೆರಗಿನ ಚೂರಿನಲ್ಲಿ ಸುತ್ತಿಟ್ಟಿದ್ದರು. ಭಾನುವಾರ ಮೊಮ್ಮಗ ಬರುತ್ತಾನೆ, ಅವನಿಗೆ ಬ್ರೆಡ್ಡು ಅಂದರೆ ಪ್ರಾಣ ಅಂದರು. ಅವರ ಮಗನಿಗೆ ಫೋನ್ ಮಾಡಿದೆ. ಹೊರಗಿನ ಬೇಕರಿಯಿಂದ ಒಂದು ಪೌಂಡು ತಂದು ಅಜ್ಜಿಯ ಕಣ್ಣೆದುರಿಗೇ ಕಾಣುವಂತೆ ಕಪಾಟಿನ ಮೇಲೆ ಇಟ್ಟೆವು. ಅವತ್ತಿನಿಂದ ತಮ್ಮ ಪಾಲಿನದನ್ನು ತಾವು ತಿಂದರು.

ಎರಡನೇ ಸಲ ಕಾರ್ಡು ಬಂದದ್ದು "ನಿಮಗೆ ನೆನಪಿನಲ್ಲಿ ಉಳಿದ ಒಬ್ಬ ಹಿರಿಯರ ಬಗ್ಗೆ ಹೇಳಿ". ಒಂದು ನಿಮಿಷದ ತಯಾರಿಯಲ್ಲಿ ಕಾಗದದ ಮೇಲೆ ಬರೆದದ್ದು ಐದೇ ಪದ: ಸೊಂಟ, ಬೆವರು, ಇರುವೆ, ಮೊಮ್ಮಗ, ಕಪಾಟು. ಕನ್ನಡದಲ್ಲೇ ಬರೆದೆ, ಆ ಕಾಗದಕ್ಕೆ ಯಾರೂ ಅಂಕ ಕೊಡುವುದಿಲ್ಲ. "ದೇರ್ ವಾಸ್ ಎ ಲೈನ್ ಆಫ್ ಆ್ಯಂಟ್ಸ್ ಗೋಯಿಂಗ್ ಅಂಡರ್ ಹರ್ ಪಿಲ್ಲೋ" ಅಂದಾಗ ಪರೀಕ್ಷಕರು ತಲೆಯೆತ್ತಿ ನೋಡಿದರು. ಎರಡು ನಿಮಿಷವಾಯಿತು ಅಂತ ಅವರೇ ನಿಲ್ಲಿಸಿದರು. ನಡುವೆ ನಿಲ್ಲಿಸಿದರೆ ಅಂಕ ಹೋಗುತ್ತದೆ ಅಂತ ನೀವು ಹೆದರಿದ್ದೀರಿ. ಹೋಗುವುದಿಲ್ಲ, ಎರಡು ನಿಮಿಷಕ್ಕೆ ಎಲ್ಲರನ್ನೂ ನಿಲ್ಲಿಸುತ್ತಾರೆ.

ನನ್ನ ಇಂಗ್ಲಿಷ್ ಎರಡು ತಿಂಗಳಲ್ಲಿ ಬೆಳೆದಿರಲಿಲ್ಲ ತಂಗಿ. ಅಂಕ ಕೊಡುವುದು ನಾಲ್ಕಕ್ಕೆ: ತಡೆಯಿಲ್ಲದೆ ಕ್ರಮವಾಗಿ ಹೇಳುವುದು, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು. 6ರವರು ಉದ್ದಕ್ಕೆ ಮಾತಾಡುತ್ತಾರೆ, ಆದರೆ ಎಳೆ ಆಗಾಗ ತಪ್ಪುತ್ತದೆ. 7ರವರು ತಿಣುಕದೆ ಎಳೆ ಹಿಡಿದು ಹೋಗುತ್ತಾರೆ. ವ್ಯಾಕರಣದ ತಪ್ಪು 7ರಲ್ಲೂ ಅಲ್ಲಲ್ಲಿ ಇರಬಹುದು ಅಂತ ಅವರ ಮಾನದಂಡವೇ ಒಪ್ಪುತ್ತದೆ. ಕಣ್ಣಾರೆ ಕಂಡದ್ದನ್ನು ಆದ ಕ್ರಮದಲ್ಲೇ ಹೇಳುತ್ತಾ ಹೋದರೆ ಎಳೆ ತಾನಾಗಿ ಸಿಗುತ್ತದೆ. ಪದಗಳೂ ಅಷ್ಟೆ. ಪಟ್ಟಿ ಉರುಹೊಡೆದ ದೊಡ್ಡ ದೊಡ್ಡ ಪದ ತುರುಕುವುದಕ್ಕಿಂತ ಒಣಗಿದ ಬ್ರೆಡ್ಡಿಗೆ "ಸ್ಟೇಲ್", ಪುಡಿಗೆ "ಕ್ರಂಬ್ಸ್" ಅಂತ ಸರಿಯಾಗಿ ಅಂದರೆ ಅದಕ್ಕೆ ಹೆಚ್ಚು ಬೆಲೆ.

ನಮ್ಮವರು ಎಡವುವ ಕಡೆಗಳು ಬೇರೆ ಇವೆ, ಕೋಚಿಂಗ್‌ನಲ್ಲಿ ಅದನ್ನು ಹೇಳಿಕೊಡುವುದಿಲ್ಲ. ಒಂದು, "ನಾನು" ಅನ್ನಲು ನಮಗೆ ಸಂಕೋಚ. "ನಾನು ನಾನು ಅನ್ನಬಾರದು" ಅಂತಲೇ ಬೆಳೆಸಿದ್ದಾರೆ. ನಾನೊಬ್ಬಳೇ ಮಾಡಿದ ಕೆಲಸವನ್ನೂ "ವಿ ಡಿಡ್" ಅನ್ನುತ್ತೇವೆ. ಇನ್ನೊಂದು, ಕನ್ನಡದಲ್ಲಿ ಬಹುವಚನದಲ್ಲೇ ಮರ್ಯಾದೆ ಇರುವುದರಿಂದ "ಮೈ ಗ್ರಾಂಡ್‌ಮದರ್, ದೇ ಟೋಲ್ಡ್" ಅಂತ ಬಂದುಬಿಡುತ್ತದೆ. ಎಷ್ಟು ಜನ ಅಜ್ಜಿಯರು ಅಂತ ಕೇಳುವವರಿಗೆ ಗೊಂದಲ. ಹಾಗೇ ಯಾರೋ ಅಂದದ್ದನ್ನು ಹೇಳುವಾಗ ನಮ್ಮ "ಅಂತ" ಇಂಗ್ಲಿಷಿಗೂ ನುಗ್ಗಿ "ಲೈಕ್ ದಟ್ ಶಿ ಟೋಲ್ಡ್" ಆಗುತ್ತದೆ. "ಶಿ ಸೆಡ್" ಅಂದು ಅಜ್ಜಿ ಆಡಿದ ಮಾತನ್ನು ಹಾಗೇ ಮುಂದಿಡಿ, ಸಾಕು. ಅದೇ ಚಂದ ಕೂಡ. ಭೂತಕಾಲವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳಿ. "ಡಿಡ್ಂಟ್ ವೆಂಟ್" ನಿಮ್ಮ ಬಾಯಲ್ಲಿ ಇದ್ದರೆ ಇವತ್ತೇ ತೆಗೆಯಿರಿ. ಉಚ್ಚಾರಣೆಗೆ ಹೆದರಬೇಡಿ, ಹುಬ್ಬಳ್ಳಿಯ ದನಿ ಹುಬ್ಬಳ್ಳಿಯದೇ ಇರಲಿ. ಬೆಡ್ಡು, ಬ್ರೆಡ್ಡು ಅಂತ ಕೊನೆಗೆ ಉಕಾರ ಹಚ್ಚುವುದು, ಎಗ್ಗನ್ನು ಯೆಗ್ ಅನ್ನುವುದು, ಇವೆರಡನ್ನು ಗಮನಿಸಿಕೊಂಡರೆ ಕೇಳುವವರಿಗೆ ಸಲೀಸು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಇಲ್ಲಿನ ಬಾಳು. ಪರೀಕ್ಷೆಯ ಆ ಎರಡು ನಿಮಿಷ ಇಲ್ಲಿ ದಿನಾ ಬರುತ್ತದೆ.

ಬಂದ ಹೊಸತು, ಒಂದು ನೈಟ್ ಡ್ಯೂಟಿ. ಮೂರು ಗಂಟೆಗೆ ಒಬ್ಬರು ಮಂಚದ ಪಕ್ಕ ಜಾರಿ ಕೂತಿದ್ದರು. ಪೆಟ್ಟಾಗಿರಲಿಲ್ಲ. ಬೆಳಗ್ಗೆ ಮುಂದಿನ ಪಾಳಿಯವರಿಗೆ ರೋಗಿಗಳ ವಿಷಯ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ನಾನು ಅವರು ಯಾವತ್ತು ಸೇರಿದರು, ಮಗಳು ಎಲ್ಲಿರುತ್ತಾಳೆ ಅಂತ ಶುರುಮಾಡಿದೆ. ಸಿಸ್ಟರ್ ಮೆಲ್ಲಗೆ ತಡೆದು "ಏನಾಯಿತು, ಅದನ್ನು ಮೊದಲು ಹೇಳು" ಅಂದರು. "ವಿ ಫೌಂಡ್ ಹಿಮ್ ಆನ್ ದ ಫ್ಲೋರ್" ಅಂದೆ. "ವಿ ಅಂದರೆ ಯಾರು?" ನಾನೊಬ್ಬಳೇ ನೋಡಿದ್ದು. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಬಿದ್ದದ್ದನ್ನು ದಾಖಲಿಸಬೇಕು, ಮನೆಯವರಿಗೆ ತಿಳಿಸಬೇಕು, ಡಾಕ್ಟರು ನೋಡಬೇಕು. ಯಾರು, ಎಷ್ಟು ಹೊತ್ತಿಗೆ, ಏನು ಕಂಡರು ಅನ್ನುವುದು ಸ್ಪಷ್ಟ ಇಲ್ಲದಿದ್ದರೆ ರೋಗಿಗೇ ಅಪಾಯ. ಇಲ್ಲಿ ಅದಕ್ಕೊಂದು ಕ್ರಮವೇ ಇದೆ, ಎಸ್‌ಬಿಎಆರ್ ಅನ್ನುತ್ತಾರೆ: ಈಗಿನ ಪರಿಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ನಿಮಗೆ ಏನು ಬೇಕು. ರಾತ್ರಿ ಎರಡಕ್ಕೆ ಡಾಕ್ಟರಿಗೆ ಫೋನ್ ಮಾಡಿದಾಗ ಈ ನಾಲ್ಕನ್ನು ಅರ್ಧ ನಿಮಿಷದಲ್ಲಿ ಹೇಳಬೇಕು. ಔಷಧಿಯ ಪ್ರಮಾಣ ಹೇಳುವಾಗ ಫಿಫ್ಟೀನ್, ಫಿಫ್ಟಿ ಒಂದೇ ಥರ ಕೇಳುತ್ತದೆ ಅಂತ "ಒನ್ ಫೈವ್", "ಫೈವ್ ಝೀರೋ" ಅಂತ ಬಿಡಿಸಿಯೇ ಹೇಳುತ್ತೇವೆ.

ಕೆಲಸದ ಸಂದರ್ಶನದಲ್ಲಿ ಕೇಳುವುದೂ "ಹೀಗೊಂದು ಸಂದರ್ಭ ಬಂದಾಗ ನೀವು ಏನು ಮಾಡಿದಿರಿ?" ಅಂತ. ಎನ್‌ಎಂಸಿ ನೋಂದಣಿಗೆ ಕೆಲಸ ಮಾಡಿ ತೋರಿಸಬೇಕಾದ ಓಎಸ್‌ಸಿಇ ಪರೀಕ್ಷೆಗೆ ನಾರ್ಥಾಂಪ್ಟನ್‌ಗೆ ಹೋದಾಗಲೂ ಕೈಕೆಲಸದಷ್ಟೇ ಬಾಯಿಗೂ ಕೆಲಸವಿತ್ತು, ಮಾಡುತ್ತಿರುವುದನ್ನು ರೋಗಿಗೆ ಬಿಡಿಸಿ ಹೇಳಬೇಕಿತ್ತು. ನೋಂದಣಿಯಾದ ಮೇಲೂ ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಆಗ 450 ಗಂಟೆ ಕೆಲಸ, 35 ಗಂಟೆ ಕಲಿಕೆಯ ಲೆಕ್ಕದ ಜೊತೆಗೆ ನಮ್ಮ ಕೆಲಸದ ಅನುಭವದಿಂದ ನಾವೇ ಬರೆದ ಐದು ಟಿಪ್ಪಣಿ ಕೊಡಬೇಕು, ಏನಾಯಿತು, ಏನು ಕಲಿತೆ ಅಂತ. ಅದನ್ನು ಇನ್ನೊಬ್ಬ ನರ್ಸ್ ಎದುರು ಕೂತು ಮಾತಾಡಬೇಕು. ಮೊದಲ ಸಲ ನಾನು ಬರೆದ ಟಿಪ್ಪಣಿಗಳಲ್ಲಿ ಒಂದು, ಆ ರಾತ್ರಿ ಬಿದ್ದವರದ್ದು.

ರೋಗಿಗಳ ಮಾತು ಕಿವಿಗೆ ಹತ್ತಲು ಮೂರು ನಾಲ್ಕು ತಿಂಗಳು ಬೇಕು. ಡರ್ಬಿ ಕಡೆ "ಮೈ ಡಕ್" ಅನ್ನುತ್ತಾರೆ, ನಮ್ಮ "ಕಣವ್ವ" ಇದ್ದಂತೆ. "ಪೂರ್ಲಿ" ಅಂದರೆ ಮೈಗೆ ಹುಷಾರಿಲ್ಲ ಅಂತ. ಹಳೆ ತಲೆಮಾರಿನವರು ಎಷ್ಟೇ ನೋವಿದ್ದರೂ "ಐಯಾಮ್ ಆಲ್‌ರೈಟ್" ಅನ್ನುತ್ತಾರೆ. ಆಗ ನನಗೆ ಬ್ರೆಡ್ಡಿನ ಅಜ್ಜಿ ನೆನಪಾಗುತ್ತಾರೆ, ಇನ್ನೊಂದು ಸಲ ಕೇಳುತ್ತೇನೆ. ಈಗ ಇಲ್ಲಿ ಹೊರದೇಶದ ನೇಮಕಾತಿ ಮೊದಲಿನಷ್ಟು ಜೋರಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ಕೆಲಸ ಕೊಡಿಸುತ್ತೇವೆ, ಇಷ್ಟು ಲಕ್ಷ ಕೊಡಿ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಕೆಲಸ ಕೊಡಿಸಲು ನರ್ಸ್‌ಗಳಿಂದ ಹಣ ಪಡೆಯುವುದು ಇಲ್ಲಿನ ನೇಮಕಾತಿ ನಿಯಮಕ್ಕೇ ವಿರುದ್ಧ.

ಅಭ್ಯಾಸಕ್ಕೆ ನಾನು ಮಾಡಿದ್ದು ಇಷ್ಟೇ. ಡ್ಯೂಟಿ ಮುಗಿಸಿ ಬಂದ ಮೇಲೆ ಅವತ್ತು ನಡೆದ ಒಂದೇ ಒಂದು ಘಟನೆ ಆರಿಸಿ, ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡುತ್ತಿದ್ದೆ. ಮಾರನೇ ದಿನ ಕೇಳುತ್ತಿದ್ದೆ. ಎಲ್ಲಿ ತಡವರಿಸಿದೆನೋ ಅಲ್ಲಿ ಬೇಕಾಗಿದ್ದ ಪದ ಹುಡುಕಿ, ಅದೇ ಘಟನೆಯನ್ನು ಇನ್ನೊಮ್ಮೆ ಹೇಳುತ್ತಿದ್ದೆ. ಬರೆದುಕೊಂಡು ಓದಲಿಲ್ಲ. ಹೀಗೆ ಹತ್ತು ಘಟನೆ ಕೈಯಲ್ಲಿದ್ದರೆ ಹೆಚ್ಚಿನ ಕಾರ್ಡುಗಳಿಗೆ ಸಾಕು. ನನ್ನ ಅಜ್ಜಿಯ ಕತೆಯೇ ಸಹಾಯಕ್ಕೂ ಆಗುತ್ತಿತ್ತು, ಹಿರಿಯರಿಗೂ ಆಯಿತು, ಬಗೆಹರಿಸಿದ ಸಮಸ್ಯೆಗೂ ಆಗುತ್ತಿತ್ತು. ಕಾರ್ಡು ಏನು ಕೇಳುತ್ತದೋ ಆ ಕಡೆಗೆ ಒತ್ತು ಬದಲಿಸಬೇಕು ಅಷ್ಟೆ. ರೋಗಿಯ ಹೆಸರು, ಊರು ಮಾತ್ರ ಹೇಳಬೇಡಿ. ಹೇಗನ್ನಿಸಿತು ಅಂತ ಕೇಳಿದಾಗ "ವೆರಿ ಹ್ಯಾಪಿ" ಬಿಟ್ಟು ಮೈಗೆ ಏನಾಯಿತು ಅಂತ ಹೇಳಿ: ಗಂಟಲು ಕಟ್ಟಿತೋ, ಕೈ ನಡುಗಿತೋ. ಮೂರನೇ ಭಾಗದಲ್ಲಿ ಸಮಾಜ, ಕಾಲ ಅಂತ ದೊಡ್ಡ ಪ್ರಶ್ನೆ ಬರುತ್ತದೆ. ಅಲ್ಲಿ ಮತ್ತೆ ಕತೆಗೆ ಹೋಗದೆ ನಿಮ್ಮ ಅಭಿಪ್ರಾಯ ಹೇಳಿ, ಕಾರಣ ಕೊಡಿ.

ಹೇಳುವಂಥದ್ದು ಏನೂ ಆಗಿಲ್ಲ ಅಂದಿರಿ. ಅದೇ ಸಂದೇಶದ ನಡುವೆ, ತಡವಾಗಿ ಬರೆಯುತ್ತಿರುವುದಕ್ಕೆ ಕಾರಣ ಕೊಡುತ್ತಾ, ಮಕ್ಕಳ ವಾರ್ಡಿನ ಹುಡುಗನೊಬ್ಬ ನಿಮ್ಮ ಐಡಿ ಕಾರ್ಡಿನ ಪಟ್ಟಿ ಹಿಡಿದುಕೊಂಡು ನಿದ್ದೆ ಹೋದ, ಬಿಡಿಸಿದರೆ ಏಳುತ್ತಾನೆ ಅಂತ ಪಟ್ಟಿಯನ್ನೇ ಕುತ್ತಿಗೆಯಿಂದ ತೆಗೆದು ಅವನ ಕೈಯಲ್ಲಿ ಬಿಟ್ಟು ಮನೆಗೆ ಹೋದೆ, ಮಾರನೇ ದಿನ ಗೇಟಿನಲ್ಲಿ ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ ಅಂತ ಬರೆದಿದ್ದೀರಿ. ನಾನು ಅದನ್ನು ಎರಡು ಸಲ ಓದಿದೆ. ಆ ಹುಡುಗನಿಗೆ ಏನಾಗಿತ್ತು, ಪಟ್ಟಿ ಯಾವ ಬಣ್ಣ, ಗೇಟಿನಲ್ಲಿ ನೀವು ಏನಂದಿರಿ, ಕಾರ್ಡು ವಾಪಸು ಹೇಗೆ ಬಂತು, ಇದೆಲ್ಲ ನನಗೆ ಗೊತ್ತಾಗಬೇಕು. ಇವತ್ತು ರಾತ್ರಿ ಎರಡು ನಿಮಿಷ ಇಂಗ್ಲಿಷಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಭಾನುವಾರ ನನಗೆ ರಜೆ. ನಿಮಗೆ ರಾತ್ರಿ ಎಂಟಾಗುವಾಗ ಇಲ್ಲಿ ಇನ್ನೂ ಮಧ್ಯಾಹ್ನ. ಕೂತು ಕೇಳಿ, ಎಲ್ಲೆಲ್ಲಿ ನಿಂತಿದ್ದೀರಿ ಅಂತ ಹೇಳುತ್ತೇನೆ.